ಎಮ್ಮೆಯ ಪಕ್ಕದ ಸ್ಲೈಡು

ನನ್ನ ಮೂಗಿನ ಎಡ ಹೊಳ್ಳೆಯ ಮೇಲೆ ಒಂದು ಸಣ್ಣ ಕಪ್ಪು ಚುಕ್ಕೆ ಇದೆ. ನೋಡಿದವರೆಲ್ಲ ಮಚ್ಚೆ ಅಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಅದು ಮೂಗು ಚುಚ್ಚಿದ ತೂತು. ನನಗಿಂತ ಮುಂಚೆ ಅಮ್ಮನಿಗೆ ನಾಲ್ಕು ಬಸಿರು ನಿಲ್ಲದೆ ಹೋಗಿದ್ದವು. ಐದನೆಯದಾಗಿ ನಾನು ಉಳಿದುಕೊಂಡೆ. ಆಗ ಅಪ್ಪನ ತಾಯಿ, ಅಂದರೆ ನನ್ನಜ್ಜಿ, ಶಿಕಾರಿಪುರದ ನಮ್ಮ ಮನೆಯ ಹಿಂದಿದ್ದ ತಿಪ್ಪೆಯ ಮೇಲೆ ನನ್ನನ್ನು ಒಂದು ಸುತ್ತು ಉರುಳಿಸಿ, ಮೊರದಲ್ಲಿ ಎತ್ತಿಕೊಂಡು, ಅಕ್ಕಸಾಲಿಗರನ್ನು ಕರೆಸಿ ಮೂಗು ಚುಚ್ಚಿಸಿದಳಂತೆ. ಸಾವು ಹುಡುಕಿಕೊಂಡು ಬಂದರೆ ಇದು ಕಸ, ಅದೂ ಹೆಣ್ಣು ಕಸ ಎಂದು ಮೂಗು ಮುರಿದು ಹೋಗಲಿ ಎಂಬ ಉಪಾಯ. ಯಮನಿಗೆ ಅಷ್ಟೂ ತಿಳಿವಳಿಕೆ ಇರುವುದಿಲ್ಲವೇ ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ಕೇಳಿ, ಅಜ್ಜಿಯಿಂದ ಸೌಟಿನ ಪೆಟ್ಟು ತಿಂದಿದ್ದೆ.

ತಿಪ್ಪೆಯಿಂದ ಎತ್ತಿಕೊಂಡ ಇಂಥ ಮನುಷ್ಯ ಮುಂದೆ ಒಂದು ಪ್ರಯೋಗಾಲಯದಲ್ಲಿ 'ನಾರ್ಮಲ್' ಎಂಬ ಹಣೆಪಟ್ಟಿ ಅಂಟಿಸಿಕೊಂಡು ಎಮ್ಮೆಯ ಪಕ್ಕ ಕೂತ. ಸುಮಾರು ಎರಡು ವರ್ಷ ಕೂತೇ ಇದ್ದ.

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಬಡ್ತಿಗೆ ಪಿಎಚ್‌ಡಿ ಬೇಕು ಎಂದು ಮೇಲಿನವರು ಹೇಳಿದ ಮೇಲೆ ನನ್ನಲ್ಲಿ ಒಮ್ಮೆಲೇ ಜ್ಞಾನದಾಹ ಹುಟ್ಟಿತು. ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರಾಧ್ಯಾಪಕಿ ಮನುಷ್ಯರ ಮತ್ತು ಪ್ರಾಣಿಗಳ ಕ್ರೋಮೋಸೋಮ್‌ಗಳಿಗೆ ಬಣ್ಣ ಹಚ್ಚಿ ಹೋಲಿಸುವ ಕೆಲಸ ಮಾಡುತ್ತಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ಶನಿವಾರ, ಭಾನುವಾರ, ಬೇಸಿಗೆ ರಜೆ ಎಲ್ಲ ಸೇರಿಸಿ ಅವರ ಕೈಕೆಳಗೆ ಸೇರಿಕೊಂಡೆ.

ಕೆಲಸ ಕೇಳಲು ದೊಡ್ಡದು, ತತ್ವ ಸರಳ. ನಮ್ಮ ಒಂದೊಂದು ಜೀವಕೋಶದಲ್ಲೂ ನಲವತ್ತಾರು ಕ್ರೋಮೋಸೋಮ್‌ಗಳಿವೆ, ಇಪ್ಪತ್ತಮೂರು ಜೋಡಿ. ಜೋಡಿಯಲ್ಲಿ ಒಂದು ಅಪ್ಪನದು, ಒಂದು ಅಮ್ಮನದು. ಎಮ್ಮೆಗೆ ಐವತ್ತು. ನಮಗಿಂತ ನಾಲ್ಕು ಹೆಚ್ಚಿದೆ ಎಂದು ಎಮ್ಮೆ ಯಾವತ್ತೂ ಮೆರೆದದ್ದಿಲ್ಲ. ಮನುಷ್ಯನ ಯಾವುದೋ ಒಂದು ಕ್ರೋಮೋಸೋಮಿನ ಡಿಎನ್‌ಎ ತೆಗೆದುಕೊಂಡು, ಅದಕ್ಕೆ ಬೆಳಕಿಗೆ ಹೊಳೆಯುವ ಬಣ್ಣ ಸೇರಿಸಿ, ಎಮ್ಮೆಯ ಕ್ರೋಮೋಸೋಮ್ ಇರುವ ಗಾಜಿನ ಸ್ಲೈಡಿನ ಮೇಲೆ ಹಾಕುತ್ತೇವೆ. ಎರಡು ಮೂರು ದಿನ ಬೆಚ್ಚಗೆ ಇಟ್ಟರೆ ಆ ಬಣ್ಣದ ಡಿಎನ್‌ಎ ತನ್ನಂತೆಯೇ ಇರುವ ಭಾಗವನ್ನು ಎಮ್ಮೆಯಲ್ಲಿ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಮದುವೆ ಮನೆಯ ಗದ್ದಲದಲ್ಲಿ ನಮ್ಮ ಕಡೆಯವರಿಗೆ ಮಾತ್ರ ಹಸಿರು ಶಾಲು ಹೊದಿಸಿದರೆ ಯಾರು ಎಲ್ಲಿ ಕೂತಿದ್ದಾರೆ ಎಂದು ದೂರದಿಂದಲೇ ಗೊತ್ತಾಗುತ್ತದಲ್ಲ, ಹಾಗೆ. ನಮ್ಮದೊಂದು ಕ್ರೋಮೋಸೋಮ್ ಎಮ್ಮೆಯಲ್ಲಿ ಎಷ್ಟು ಕಡೆ ಹಂಚಿಹೋಗಿದೆ ಎಂಬುದು ಹೀಗೆ ತಿಳಿಯುತ್ತದೆ.

ಬಣ್ಣ ಸರಿಯಾಗಿ ಹಿಡಿದಿದೆಯೋ ಇಲ್ಲವೋ ನೋಡಲು ಪ್ರತಿ ಸಲವೂ ಪಕ್ಕದಲ್ಲಿ ಮನುಷ್ಯನ ಸ್ಲೈಡೊಂದು ಇರಬೇಕು. ಅದರ ಹೆಸರು ನಾರ್ಮಲ್ ಕಂಟ್ರೋಲ್. ಇದಕ್ಕೆ ಹೊಸದಾಗಿ ಸೇರಿದವರ ರಕ್ತ ಎಳೆಯುವುದು ಅಲ್ಲಿಯ ಪದ್ಧತಿ. ಹಿಂದಿನ ಕಂಟ್ರೋಲ್ ಒಬ್ಬಳು ಪಿಎಚ್‌ಡಿ ಮುಗಿಸಿ ಹೋಗಿದ್ದಳು. ಮೇಡಂ ನನ್ನ ತೋಳು ನೋಡಿ, ನರ ಚೆನ್ನಾಗಿ ಕಾಣುತ್ತದೆ ಎಂದು ಮೆಚ್ಚಿಕೊಂಡರು. ಅಷ್ಟಕ್ಕೇ ನಾನು ನಾರ್ಮಲ್ ಆದೆ. ಹಿಂದಿನ ಚರಿತ್ರೆಯನ್ನು ಯಾರೂ ಕೇಳಲಿಲ್ಲ. ನಾಲ್ಕು ಹೋಗಿ ಐದನೆಯವನು ಉಳಿದ, ತಿಪ್ಪೆಯಲ್ಲಿ ಉರುಳಿ ಬಂದ ಎಂದು ನಾನೂ ಹೇಳಲಿಲ್ಲ. ನಿಜ ಹೇಳುತ್ತೇನೆ, ಅದು ವಿಜ್ಞಾನಕ್ಕೆ ಸಂಬಂಧಪಟ್ಟ ಮಾತು ಎಂದು ನನಗೆ ಹೊಳೆಯಲೇ ಇಲ್ಲ. ಮೊದಲ ವರ್ಷ ಎಕ್ಸ್ ಕ್ರೋಮೋಸೋಮಿಗೂ ಹದಿನೇಳನೆಯದಕ್ಕೂ ಬಣ್ಣ ಹಚ್ಚಿದೆವು. ಎರಡರಲ್ಲೂ ನಾನು ಅಪ್ಪಟ ಚಿನ್ನ. ಬಣ್ಣ ಹಚ್ಚದ ಉಳಿದವುಗಳಲ್ಲಿ ಏನಿದೆ ಎಂದು ಯಾರೂ ನೋಡಲು ಹೋಗಲಿಲ್ಲ.

ಇಷ್ಟರಲ್ಲಿ ಮನೆಯಲ್ಲಿ ಏನಾಗುತ್ತಿತ್ತು ಎಂದು ಹೇಳಬೇಕು.

ನನ್ನ ಹೆಂಡತಿ ಸೊರಬ ತಾಲ್ಲೂಕಿನ ಜಡೆಯವಳು. ಮದುವೆಯಾಗಿ ಐದು ವರ್ಷದಲ್ಲಿ ಮೂರು ಸಲ ಬಸಿರಾದಳು, ಮೂರೂ ಹೋದವು. ಮೊದಲನೆಯದಕ್ಕೆ ನಾವಿಬ್ಬರೂ ಅತ್ತೆವು. ಎರಡನೆಯದಕ್ಕೆ ನಾನು ಅವಳಿಗೆ ಧೈರ್ಯ ಹೇಳಿದೆ. ಮೂರನೆಯದಕ್ಕೆ ಅವಳೊಬ್ಬಳೇ ಅತ್ತಳು, ನಾನು ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಅಮ್ಮನ ಬಳಿ ಇದಕ್ಕೆ ಕಾರಣ ಸಿದ್ಧವಿತ್ತು. ನಮ್ಮ ಜನರಲ್ಲಿ ಮದುವೆಗೆ ಮುಂಚೆ ಬೆಡಗು ನೋಡುತ್ತಾರೆ. ಬೆಡಗು ಎಂದರೆ ಅಪ್ಪನಿಂದ ಮಕ್ಕಳಿಗೆ ಬರುವ ಕುಲದ ಗುರುತು. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ, ಮದುವೆ ಕೂಡದು. ನಮ್ಮದು ಬೇರೆ, ಅವರದು ಬೇರೆ ಎಂದು ಖಾತ್ರಿ ಮಾಡಿಕೊಂಡೇ ಮದುವೆಯಾಗಿತ್ತು. ಆಮೇಲೆ ಯಾರದೋ ಮನೆಯ ಊಟದ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ, ಹೆಂಡತಿಯ ಕಡೆಯ ಹಿರಿಯರೊಬ್ಬರು ಬಾಯಿ ಬಿಟ್ಟರು. ಅವಳ ಮುತ್ತಜ್ಜ ಆ ಮನೆಗೆ ದತ್ತು ಬಂದವನಂತೆ. ಹುಟ್ಟಿದ ಬೆಡಗು ನಮ್ಮದೇ ಅಂತೆ. ಅಮ್ಮ ಎಲೆ ಬಿಟ್ಟು ಎದ್ದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಹಾಲು ಒಡೆದರೂ ಬೆಡಗೇ ಕಾರಣ.

ಅಮ್ಮನ ತವರು ತಾಳಗುಂದ. ಅರಸರ ವಂಶವನ್ನೇ ಕಲ್ಲಿನಲ್ಲಿ ಕೆತ್ತಿಸಿಟ್ಟ ಊರು ನಮ್ಮದು, ವಂಶದ ವಿಷಯ ನನಗೆ ಹೇಳಿಕೊಡಬೇಡ ಎನ್ನುವುದು ಅವಳ ಮಾತು. ಆ ಶಾಸನದಲ್ಲಿ ಇಂಥವನ ಮಗ ಇಂಥವನು ಎಂದು ಅಪ್ಪಂದಿರ ಸಾಲೇ ಇದೆ, ಅಲ್ಲೂ ಎಷ್ಟು ಜನ ದತ್ತು ಬಂದಿದ್ದರೋ ಯಾರಿಗೆ ಗೊತ್ತು ಎಂದು ನಾನು ಛೇಡಿಸುತ್ತಿದ್ದೆ. ಬೆಡಗನ್ನು ನಂಬುವ ಅಮ್ಮನನ್ನು ನೋಡಿ ನಗುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು. ಅದರಿಂದ ನಾನು ಆಧುನಿಕ ಗಂಡ ಎಂಬ ನೆಮ್ಮದಿ ಸಿಗುತ್ತಿತ್ತು. ಬೇರೇನನ್ನೂ ನಾನು ಮಾಡಲಿಲ್ಲ.

ಮೂರನೆಯದು ಹೋದ ಮೇಲೆ ಶಿವಮೊಗ್ಗದ ವೈದ್ಯೆ ಗಂಡ ಹೆಂಡತಿ ಇಬ್ಬರೂ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಚೀಟಿ ಬರೆದುಕೊಟ್ಟರು. ಹೆಂಡತಿ ಅವತ್ತೇ ರಕ್ತ ಕೊಟ್ಟಳು. ನಾನು ಎದೆಯುಬ್ಬಿಸಿ, ನನ್ನದನ್ನು ನಾನು ಪ್ರತಿ ವಾರ ನೋಡುತ್ತಿದ್ದೇನೆ ಡಾಕ್ಟ್ರೇ, ನಾನೇ ಕಂಟ್ರೋಲ್ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ಆದರೂ ಕೊಡಿ ಎಂದರು. ನಾಳೆ ಕೊಡುತ್ತೇನೆ ಎಂದು ಬಂದವನು ಹೋಗಲಿಲ್ಲ. ಹೆಂಡತಿಯ ರಿಪೋರ್ಟ್ ಬಂತು, ಎಲ್ಲ ಸರಿಯಾಗಿತ್ತು. ಬೆಡಗು ರಿಪೋರ್ಟಿನಲ್ಲಿ ಕಾಣುತ್ತದೇನೋ ಎಂದು ಅಮ್ಮ ಕೇಳಿದಳು. ನಾನು ಎಂದಿನಂತೆ ನಕ್ಕೆ. ಹೆಂಡತಿ ನಗಲಿಲ್ಲ, ರಿಪೋರ್ಟನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು.

ಆಮೇಲೆ ನಮ್ಮ ಬೀದಿಯಲ್ಲಿ ಒಂದು ಕುಬಸ ನಡೆಯಿತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಮುತ್ತೈದೆಯರೆಲ್ಲ ಒಬ್ಬರಾದ ಮೇಲೆ ಒಬ್ಬರು ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಹಾಕಿ ಅವಳ ಉಡಿ ತುಂಬುವ ಶಾಸ್ತ್ರ. ತಟ್ಟೆ ಸಾಲಾಗಿ ಕೈಯಿಂದ ಕೈಗೆ ಬರುತ್ತಿತ್ತಂತೆ. ನನ್ನ ಹೆಂಡತಿಯ ಹತ್ತಿರ ಬಂದಾಗ ಆ ಮನೆಯವರು ಅದನ್ನು ಮೆಲ್ಲಗೆ ಎತ್ತಿ, ಅವಳನ್ನು ದಾಟಿಸಿ, ಪಕ್ಕದವಳ ಕೈಗೆ ಕೊಟ್ಟರಂತೆ. ನಮ್ಮಮ್ಮ ಅಲ್ಲೇ ಗೋಡೆಯ ಪಕ್ಕ, ಗಂಡ ಸತ್ತವರು ಕೂರುವ ಕಡೆ ಕೂತು ನೋಡುತ್ತಿದ್ದಳು. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಹೆಂಡತಿ ಮನೆಗೆ ಬಂದು ರೇಷ್ಮೆ ಸೀರೆ ಬಿಚ್ಚಿ ಅಚ್ಚುಕಟ್ಟಾಗಿ ಮಡಚಿದಳು, ಮಾರನೆಯ ಬೆಳಿಗ್ಗೆ ಜಡೆಗೆ ಹೋದಳು. ಸ್ವಲ್ಪ ದಿನ ಅಲ್ಲೇ ಇರಲಿ, ಬೆಡಗಿನ ದೋಷಕ್ಕೆ ಮಠದಲ್ಲಿ ಕೇಳಿ ಏನಾದರೂ ಮಾಡೋಣ, ಆಮೇಲೆ ಕರೆಸಿದರಾಯಿತು ಎಂದಳು ಅಮ್ಮ. ನಾನು ಹೂಂ ಅನ್ನಲಿಲ್ಲ, ಉಹುಂ ಅಂತಲೂ ಅನ್ನಲಿಲ್ಲ.

ಮೊದಮೊದಲು ದಿನಾ ಫೋನ್ ಮಾಡುತ್ತಿದ್ದೆ. ಬರಬರುತ್ತ ಅದು ಎರಡು ದಿನಕ್ಕೊಮ್ಮೆ ಆಯಿತು. ಊಟ ಆಯಿತಾ ಎಂದು ನಾನು, ಆಯಿತು ಎಂದು ಅವಳು. ನಾಲ್ಕು ತಿಂಗಳು ಹೀಗೇ ಕಳೆಯಿತು.

ಆಗ ಮೇಡಂ, ಪ್ರಬಂಧಕ್ಕೆ ಇನ್ನೊಂದು ಎಮ್ಮೆ ಬೇಕಲ್ಲ, ಎಲ್ಲಾದರೂ ನೋಡಿ ಎಂದರು. ನನ್ನ ಮಾವನ ಮನೆಯಲ್ಲಿ ಒಂದಿದೆ ಎಂದೆ. ಸ್ವಂತ ಹೆಂಡತಿಯನ್ನು ನೋಡಲು ಹೋಗುವುದಕ್ಕೆ ನನಗೊಂದು ಎಮ್ಮೆಯ ನೆಪ ಬೇಕಾಯಿತು.

ಅದು ಅಂಬ್ಲಿಗೊಳ ಅಣೆಕಟ್ಟಿನ ಕೆಳಗಿನ ಯಾವುದೋ ಊರಿನಿಂದ ತಂದ ಎಮ್ಮೆ. ಏಳು ಕರು ಹಾಕಿತ್ತು, ಏಳೂ ಬದುಕಿದ್ದವು. ಆ ಹೆಮ್ಮೆ ಮಾವನ ಮುಖದಲ್ಲಿ ಎದ್ದು ಕಾಣುತ್ತಿತ್ತು. ರಕ್ತ ತೆಗೆಯಲು ಒಪ್ಪಿಗೆ ಪತ್ರಕ್ಕೆ ರುಜು ಹಾಕುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಅಳಿಯಂದ್ರೇ, ಎಂತ ನೋಡ್ತ್ರೋ ನೋಡಿ, ಆದ್ರೆ ಕೊನೆಗೆ ನಮ್ ಎಮ್ಮೆ ಪಾಸೋ ಫೇಲೋ ನಂಗೆ ಹೇಳ್ಬೇಕು" ಎಂದರು. ಖಂಡಿತ ಹೇಳುತ್ತೇನೆ ಎಂದೆ.

ಪಶುವೈದ್ಯರು ಕುತ್ತಿಗೆಯ ನರ ಹುಡುಕುವಷ್ಟರಲ್ಲಿ ಎಮ್ಮೆ ಎರಡು ಸಲ ಅವರನ್ನು ಗೋಡೆಗೆ ಒತ್ತಿತು. ಕೊನೆಗೆ ಹೆಂಡತಿ ಬಂದು ಅದರ ಕೊಂಬು ಹಿಡಿದು ಕಿವಿಯ ಹಿಂದೆ ಕೆರೆಯತೊಡಗಿದಳು. ಎಮ್ಮೆ ಕಣ್ಣು ಮುಚ್ಚಿಕೊಂಡು ನಿಂತಿತು. ರಕ್ತ ಕೊಳವೆಗೆ ಇಳಿಯುತ್ತಿತ್ತು. ಅವಳು ನನ್ನ ಕಡೆ ನೋಡದೆ ಕೇಳಿದಳು, "ನಿಮ್ದು ಕೊಟ್ರಾ?"

ಪ್ರತಿ ಸ್ಲೈಡಿನ ಪಕ್ಕದಲ್ಲೂ ನನ್ನದೇ ಇದೆಯಲ್ಲ ಮಾರಾಯ್ತಿ ಎಂದೆ. ಅವಳು ಎಮ್ಮೆಯ ಕುತ್ತಿಗೆಗೆ ಹತ್ತಿ ಒತ್ತಿ ಹಿಡಿದು, ಆಯಿತು ನಡಿ ಎಂದು ಅದಕ್ಕೆ ಹೇಳಿದಳು. ನನಗೂ ಅದೇ ಮಾತು ಸಾಕೆಂದು ಕಾಣುತ್ತದೆ.

ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸೊರಬದ ಬಸ್ಸು ಹತ್ತಿದೆ. ಡಬ್ಬಿಯಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದರು. ಎಮ್ಮೆಯ ರಕ್ತ ಎಂದು ನಿಜ ಹೇಳಿದೆ. ಪಕ್ಕದಲ್ಲಿದ್ದವರು ಎದ್ದು ಹಿಂದೆ ಹೋದರು. ಸೊರಬದವರೆಗೂ ಎರಡು ಸೀಟಿನಲ್ಲಿ ಒಬ್ಬನೇ ಆರಾಮಾಗಿ ಬಂದೆ.

ಪ್ರಯೋಗಾಲಯದಲ್ಲಿ ಎಮ್ಮೆಯ ರಕ್ತವನ್ನೂ ನನ್ನದನ್ನೂ ಅಕ್ಕಪಕ್ಕ ಮೂರು ದಿನ ಬೆಚ್ಚಗೆ ಬೆಳೆಸಿದೆವು. ಕೋಶಗಳು ಎರಡಾಗಿ ಒಡೆಯುವ ಗಳಿಗೆಯಲ್ಲಿ ಮಾತ್ರ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ. ಆ ಗಳಿಗೆಯಲ್ಲಿ ಅವುಗಳನ್ನು ತಡೆದು, ಆಸಿಡ್ ಸೇರಿಸಿ, ಒಂದು ಮೊಳ ಎತ್ತರದಿಂದ ಗಾಜಿನ ಮೇಲೆ ತೊಟ್ಟಿಕ್ಕಿಸಬೇಕು. ಬಿದ್ದ ಪೆಟ್ಟಿಗೆ ಕೋಶ ಒಡೆದು ಒಳಗಿನದೆಲ್ಲ ಹರಡುತ್ತದೆ. ಗಾಜಿಗೆ ಬಾಯಿಂದ ಹಬೆ ಊದಿದರೆ ಇನ್ನೂ ಚೆನ್ನಾಗಿ ಹರಡುತ್ತದೆ ಎಂಬುದು ಅಲ್ಲಿದ್ದವರೆಲ್ಲರ ನಂಬಿಕೆ. ಪ್ರಬಂಧಗಳಲ್ಲಿ ಯಾರೂ ಇದನ್ನು ಬರೆಯುವುದಿಲ್ಲ. ಊದುವಾಗ ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅಮ್ಮ ವಿಭೂತಿ ಹಚ್ಚಿಕೊಳ್ಳುವಾಗಿನ ಮುಖವೇ ಆಗ ಅವರದು.

ಈ ಸಲದ ಬಣ್ಣ ಮನುಷ್ಯನ ನಾಲ್ಕನೆಯ ಕ್ರೋಮೋಸೋಮಿನದು. ಹಸಿರು. ಒಂದು ಶನಿವಾರ ಮಧ್ಯಾಹ್ನ, ಊಟ ಮುಗಿಸಿ, ಸೂಕ್ಷ್ಮದರ್ಶಕದ ಕತ್ತಲೆ ಕೋಣೆಗೆ ಹೋಗಿ ಕೂತೆ. ಮೊದಲು ಎಮ್ಮೆ. ನೀಲಿ ಕ್ರೋಮೋಸೋಮ್‌ಗಳ ನಡುವೆ ನಾಲ್ಕು ಹಸಿರಾಗಿ ಹೊಳೆಯುತ್ತಿದ್ದವು. ನಮ್ಮಲ್ಲಿ ಒಂದೇ ಆಗಿರುವುದು ಎಮ್ಮೆಯಲ್ಲಿ ಎರಡು ಜೋಡಿಯ ಮೇಲೆ ಹಂಚಿಹೋಗಿದೆ. ಪುಸ್ತಕದಲ್ಲಿ ಇದ್ದದ್ದೂ ಹಾಗೆಯೇ. ಶಭಾಷ್ ಎಂದು ಎಮ್ಮೆಗೆ ಹೇಳಿ ಪಕ್ಕದ ಸ್ಲೈಡು ಎಳೆದುಕೊಂಡೆ. ಅದು ನಾನು. ಅಲ್ಲಿ ಎರಡೇ ಎರಡು ಪೂರ್ತಿ ಹಸಿರು ಇರಬೇಕು.

ಮೂರು ಇದ್ದವು. ಒಂದು ತಲೆಯಿಂದ ಕಾಲಿನವರೆಗೆ ಹಸಿರು. ಇನ್ನೊಂದು ಮುಕ್ಕಾಲು ಹಸಿರು, ತುದಿ ಬರೀ ನೀಲಿ. ಮೂರನೆಯದು ಯಾವುದೋ ಬೇರೆಯದು, ಅದರ ತುದಿಗೆ ಮಾತ್ರ ಹಸಿರಿನ ಚೂರು.

ಬೈಗುಳಕ್ಕೆ ಕೊರತೆಯಾಗಲಿಲ್ಲ. ಬಣ್ಣ ಹಳೆಯದು ಎಂದೆ, ಸ್ಲೈಡು ತೊಳೆದವಳು ಸರಿಯಾಗಿ ತೊಳೆದಿಲ್ಲ ಎಂದೆ, ಮಳೆಗಾಲದ ತೇವ ಎಂದೆ. ತೊಳೆದವನು ನಾನೇ ಎಂದು ನೆನಪಾದಾಗ ಆ ಮಾತನ್ನು ವಾಪಸ್ಸು ತೆಗೆದುಕೊಂಡೆ. ಮತ್ತೆ ಮಾಡಿದೆ. ಮತ್ತೆ ಅದೇ. ಇಪ್ಪತ್ತು ಕೋಶ ನೋಡಿದರೆ ಇಪ್ಪತ್ತರಲ್ಲೂ ಅದೇ ಮೂರು. ಮೂರನೆಯ ಸಲಕ್ಕೆ ಮೇಡಂ ತಮ್ಮ ತೋಳು ಚಾಚಿ ರಕ್ತ ಕೊಟ್ಟರು. ಅವರ ಸ್ಲೈಡಿನಲ್ಲಿ ಎರಡು ಹಸಿರು, ಹಲ್ಲುಜ್ಜಿ ನಿಂತ ಹಾಗೆ ಸ್ವಚ್ಛ. ಅವರದರ ಪಕ್ಕ ನನ್ನದನ್ನು ಇಟ್ಟು ಬಹಳ ಹೊತ್ತು ನೋಡಿದರು.

"ತಪ್ಪು ಸ್ಲೈಡಿಂದಲ್ಲ ರೀ, ಸ್ಲೈಡ್ ಮೇಲೆ ಇರೋರದ್ದು" ಎಂದರು. ಆಮೇಲೆ ದನಿ ತಗ್ಗಿಸಿ ಮಕ್ಕಳೆಷ್ಟು ಎಂದು ಕೇಳಿದರು. ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು, ಅದುವರೆಗೆ ಕೇಳಿರಲಿಲ್ಲ. ನಾನು ಹೇಳಿದೆ. ಅವರು ಸೂಕ್ಷ್ಮದರ್ಶಕದ ದೀಪ ಆರಿಸಿದರು. ನಮ್ಮ ಬಣ್ಣ ರೋಗ ಹೇಳುವುದಕ್ಕಲ್ಲ, ಆಸ್ಪತ್ರೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಿ, ಇವತ್ತೇ ಹೋಗಿ ಎಂದರು. ಬಾಗಿಲು ತೆರೆದರೆ ಹೊರಗೆ ಇನ್ನೂ ಮೂರೂವರೆಯ ಬಿಸಿಲಿತ್ತು.

ಕೆಲವು ವಾರಗಳ ನಂತರ ಆಸ್ಪತ್ರೆಯವರೂ ಅದನ್ನೇ ಹೇಳಿದರು. ನನ್ನ ನಾಲ್ಕನೆಯದೊಂದು ಮತ್ತು ಎಂಟನೆಯದೊಂದು ತುದಿಗಳನ್ನು ಅದಲು ಬದಲು ಮಾಡಿಕೊಂಡಿವೆ. ಒಟ್ಟಿನಲ್ಲಿ ಏನೂ ಕಳೆದಿಲ್ಲ, ಆದ್ದರಿಂದ ನಾನು ಗಟ್ಟಿಮುಟ್ಟಾಗಿದ್ದೇನೆ. ಆದರೆ ಮಗುವಿಗೆ ಹೋಗುವುದು ಪ್ರತಿ ಜೋಡಿಯಲ್ಲಿ ಒಂದೇ. ಅದಲು ಬದಲಾದ ಎರಡೂ ಹೋದರೆ ಸರಿ, ಎರಡೂ ಹೋಗದೆ ಅವುಗಳ ಸರಿಯಿರುವ ಜೊತೆಗಾರರು ಹೋದರೂ ಸರಿ. ಒಂದು ಹೋಗಿ ಒಂದು ಉಳಿದರೆ ಮಗುವಿನಲ್ಲಿ ಒಂದು ಭಾಗ ಹೆಚ್ಚು, ಒಂದು ಭಾಗ ಕಡಿಮೆ. ಅಂಥ ಬಸಿರು ನಿಲ್ಲುವುದು ಕಷ್ಟ. ಎಮ್ಮೆಯದು ಎರಡು ಕಡೆ ಹಂಚಿದ್ದರೂ ಅಪ್ಪನಿಂದಲೂ ಅಮ್ಮನಿಂದಲೂ ಒಂದೇ ಥರ ಬರುತ್ತದೆ, ಜೋಡಿ ಕೂಡುತ್ತದೆ, ಏಳು ಕರು ಹಾಕುತ್ತದೆ. ನನ್ನದು ಅರ್ಧಂಬರ್ಧ. ಮುಂದೆ ದಾರಿ ಮುಚ್ಚಿಲ್ಲ, ತಾನಾಗಿಯೇ ಸರಿ ಬರುವುದೂ ಉಂಟು, ಬೇರೆ ಉಪಾಯಗಳೂ ಇವೆ ಎಂದು ಶಿವಮೊಗ್ಗದ ಆ ವೈದ್ಯೆ ಸಮಾಧಾನವಾಗಿ ಹೇಳಿದರು. ನನ್ನ ತಲೆಯಲ್ಲಿ ಮಾತ್ರ ಕೊಂಬು ಹಿಡಿದುಕೊಂಡು 'ನಿಮ್ದು ಕೊಟ್ರಾ' ಎಂದವಳೇ ತುಂಬಿದ್ದಳು.

ನೇರವಾಗಿ ಜಡೆಗೆ ಹೋಗಬೇಕಿತ್ತು. ನಾನು ಶಿಕಾರಿಪುರಕ್ಕೆ ಹೋದೆ. ಹೆಂಡತಿಯ ಮುಂದೆ ನಿಲ್ಲುವುದಕ್ಕಿಂತ ಅಮ್ಮನ ಮುಂದೆ ನಿಲ್ಲುವುದು ಸುಲಭ ಎನಿಸಿತು.

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಹೇಳಿದೆ. ಬೆಡಗಲ್ಲ, ಅವಳದಲ್ಲ, ನನ್ನದು ಎಂದೆ. ಅವಳು ತಟ್ಟುವುದನ್ನು ನಿಲ್ಲಿಸಲಿಲ್ಲ. ಆ ರೊಟ್ಟಿ ಮಾತ್ರ ಕೈ ಮೀರಿ ತೆಳ್ಳಗಾಗಿ ಹರಿಯಿತು. ಅದನ್ನು ಮತ್ತೆ ಮುದ್ದೆ ಮಾಡುತ್ತ, ಅದು ನಿನಗೆ ಎಲ್ಲಿಂದ ಬಂತು ಎಂದು ಕೇಳಿದಳು. ನಿನ್ನಿಂದ ಬಂದಿರಬಹುದು, ಅಪ್ಪನಿಂದ ಬಂದಿರಬಹುದು, ನನ್ನಲ್ಲೇ ಹೊಸದಾಗಿ ಶುರುವಾಗಿರಲೂಬಹುದು ಎಂದೆ.

ಅಮ್ಮ ಕೈ ತೊಳೆದು ಬಂದು ತೋಳು ಚಾಚಿದಳು. "ನಂದೂ ತಗಾ. ಎಮ್ಮೆದು ತಗಂಡು ಹೋಗೋಕೆ ಜಡಿಗೆ ಹೋಗಿದ್ಯಲ್ಲ, ಹೆತ್ತೋಳ್ದು ಇಲ್ಲೇ ಐತೆ."

ಅವಳನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಕೊಡಿಸಿದೆ. ಫಲಿತಾಂಶ ಬರಲು ವಾರಗಳಾದವು. ಆ ವಾರಗಳಲ್ಲಿ ಅಮ್ಮ ಬೆಡಗಿನ ಮಾತೆತ್ತಲಿಲ್ಲ. ನಾನು ಜಡೆಗೆ ಫೋನ್ ಮಾಡಿ ಊಟ ಆಯಿತಾ ಎಂದೇ ಕೇಳುತ್ತಿದ್ದೆ. ಹೇಳಲು ಬಾಯಿ ತೆರೆದಾಗಲೆಲ್ಲ ಮಳೆಯ ವಿಷಯವೇ ಹೊರಗೆ ಬರುತ್ತಿತ್ತು.

ಅಮ್ಮನ ರಿಪೋರ್ಟ್ ಬಂತು. ನಲವತ್ತಾರೂ ಸರಿ, ಒಂದು ಚೂರೂ ಆಚೀಚೆ ಇಲ್ಲ. ಓದಿ ಹೇಳಿದೆ. ಅವಳು ನಡುಮನೆಯಲ್ಲಿ ಅಪ್ಪನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತಳು. ನಾಲ್ಕು ಹೋದದ್ದು ನೋಡಿದರೆ ಅಪ್ಪನಿಂದಲೇ ಬಂದಿರಬೇಕು ಅನಿಸುತ್ತದೆ, ಆದರೂ ಅಪ್ಪನನ್ನು ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು ಎಂದು ನಾನು ಪಾಠ ಶುರು ಮಾಡಿದೆ. ಅಮ್ಮ ಕೈಯೆತ್ತಿ ನಿಲ್ಲಿಸಿದಳು.

"ನಿಮ್ಮಜ್ಜಿ ಸಾಯೋಗಂಟ ನಂಗೆ ಬಸಿರು ನಿಲ್ಲದೋಳು ಅಂದ್ಲು. ನೀನು ಹುಟ್ಟಿದ ಮ್ಯಾಲೂ ಅಂದ್ಲು. ನಿಮ್ಮಪ್ಪ ಅಲ್ಲೇ ಕುಂತು ಪೇಪರ್ ಓದ್ತಿದ್ರು."

ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದದ್ದು ನೆನಪಾಯಿತು. ಅವಳು, ಜಡೆಯವಳಿಗೆ ಹೇಳಿದೆಯಾ ಎಂದಳು. ಇಲ್ಲ ಎಂದೆ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದಳು. ತಿಂಗಳ ಮೇಲಾಯಿತು ಎಂದೆ. ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಿಮ್ಮಪ್ಪನ ಮಗನೇ ಸರಿ ನೀನು" ಎಂದಳು. ಅದಕ್ಕೆ ಬೇರೆ ಪರೀಕ್ಷೆ ಬೇಕಿರಲಿಲ್ಲ.

ಎದ್ದು ಅಡುಗೆಮನೆಗೆ ಹೋಗಿ ಒಂದು ಚೀಲ ತುಂಬಿದಳು. ಏನೇನು ಹಾಕಿದಳೋ ನಾನು ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಜಡೆಯಲ್ಲಿ ಇಳಿದು ಮಾವನ ಮನೆಯ ಕಡೆ ನಡೆಯುವಾಗ ಅಮ್ಮ, ನಾನು ಮಾತಾಡುವುದಕ್ಕಿಂತ ಮುಂಚೆ ನೀನು ಮಾತಾಡು ಎಂದು ನನಗೆ ಆಜ್ಞೆ ಮಾಡಿದಳು.

ಹೆಂಡತಿ ಅಂಗಳದಲ್ಲಿ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಅತ್ತೆ ಸೊಸೆ ಭೇಟಿಯಾಗಿ ಆರು ತಿಂಗಳ ಮೇಲಾಗಿತ್ತು. ಅವಳು ಎದ್ದು ನಿಂತಳು, ಮೊಣಕೈವರೆಗೂ ಹಿಂಡಿ. ಮಾವನೂ ನನ್ನತ್ತೆಯೂ ಬಾಗಿಲಿಗೆ ಬಂದರು. ನಾನು ಎಲ್ಲರ ಎದುರಿಗೇ, ತಪ್ಪು ನನ್ನದು, ಕ್ರೋಮೋಸೋಮ್ ಅದಲು ಬದಲಾಗಿರುವುದು ನನ್ನಲ್ಲಿ ಎಂದೆ.

ಅವಳು ಕೈಯ ಹಿಂಡಿಯನ್ನು ಬಕೆಟ್ಟಿನ ಅಂಚಿಗೆ ಒರೆಸುತ್ತಾ ನನ್ನ ಕಡೆ ತಿರುಗಿದಳು. "ನನ್ ರಿಪೋರ್ಟ್ ಬಂದ್ ದಿನನೇ ನಂಗೆ ಅನ್ಸಿತ್ತು. ಹುಟ್ಟಿದ್ದಕ್ಕೆ ನೀವೆಂತ ಮಾಡ್ತೀರಿ, ಅದು ತಪ್ಪಲ್ಲ. ರಕ್ತ ಕೊಡ್ದೇ ಇದ್ರಲ್ಲ ರೀ, ಅದು ತಪ್ಪು."

 

ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಜಗಲಿಯ ಮೇಲೆ ಚಾಪೆ ಕೇಳಿ ಹಾಸಿಸಿದಳು. ಸೊಸೆಗೆ ಕೈ ತೊಳೆದು ಬಂದು ಕೂರು ಎಂದಳು. ಚೀಲದಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಎಲೆ ಅಡಿಕೆ, ರವಿಕೆಯ ಹಸಿರು ಕಣ ತೆಗೆದಳು. ಉಡಿ ತುಂಬುವ ಸಾಮಾನು. ಗಂಡ ಸತ್ತವಳು ಉಡಿ ತುಂಬುವುದನ್ನು ಆ ಜಗಲಿ ಯಾವತ್ತೂ ಕಂಡಿರಲಿಲ್ಲ. ನನ್ನತ್ತೆ ಮೆಲ್ಲಗೆ, ಬೀಗರೇ, ಬೇಕಾದರೆ ನಾನು ತುಂಬುತ್ತೇನೆ, ನೀವು... ಎಂದು ಅರ್ಧಕ್ಕೆ ನಿಲ್ಲಿಸಿದರು.

"ಶಾಸ್ತ್ರದ ಪ್ರಕಾರ ನಾನು ತುಂಬಂಗಿಲ್ಲ, ಅವಳು ತುಂಬಿಸ್ಕೆಳ್ಳಂಗಿಲ್ಲ" ಎಂದಳು ಅಮ್ಮ. "ಇಬ್ರುದೂ ಸರಿಹೋತು. ಕುಂದ್ರಮ್ಮ."

ಹೆಂಡತಿ ಕೂತು ಸೆರಗು ಒಡ್ಡಿದಳು. ಅಮ್ಮ ಎರಡೂ ಕೈಯಲ್ಲಿ ಅಕ್ಕಿ ತುಂಬಿ ಹಾಕಿದಳು. ಐದನೆಯ ಬೊಗಸೆ ಹಾಕುವಾಗ, "ನಿಂದೂ ಅಲ್ಲಂತೆ" ಎಂದಳು. ಕೊಬ್ಬರಿ ಬಟ್ಟಲು ಇಡುತ್ತ, "ನಂದೂ ಅಲ್ಲಂತೆ" ಎಂದಳು. ಆಮೇಲೆ ಆ ಕುಬಸದ ದಿನ ತಟ್ಟೆ ದಾಟಿಸಿದಾಗ ಗೋಡೆ ಪಕ್ಕ ಸುಮ್ಮನೆ ಕೂತಿದ್ದೆನಲ್ಲ, ಅದು ಮಾತ್ರ ನನ್ನದು ಎಂದು ಅಷ್ಟೇ ಸಣ್ಣ ದನಿಯಲ್ಲಿ ಹೇಳಿದಳು.

ಹೆಂಡತಿ ತನ್ನ ಉಡಿಯಿಂದಲೇ ಒಂದು ಬೊಗಸೆ ಅಕ್ಕಿ ತೆಗೆದು ಅಮ್ಮನ ಮುಂದೆ ಹಿಡಿದಳು. ಅಮ್ಮ ಬೇಡ ಬೇಡ ಎನ್ನುತ್ತಲೇ ಸೆರಗು ಒಡ್ಡಿದಳು. ನಾಲ್ಕು ಹೋದವಳೆಂದು ಅಜ್ಜಿ ಅವಳಿಗೆ ಕುಬಸ ಮಾಡಿರಲಿಲ್ಲ, ನಾನು ಹೊಟ್ಟೆಯಲ್ಲಿದ್ದಾಗಲೂ ಮಾಡಿರಲಿಲ್ಲ. ಇದು ನನಗೆ ಅವತ್ತೇ ತಿಳಿದದ್ದು, ಅಮ್ಮ ಅತ್ತುಕೊಂಡು ಹೇಳಿದ್ದರಿಂದ. ಮದುವೆಯ ದಿನ ಬಿಟ್ಟರೆ ಅವಳ ಉಡಿಗೆ ಬಿದ್ದ ಮೊದಲ ಅಕ್ಕಿ ಅದು.

ಮಾವ ನನ್ನ ಪಕ್ಕ ಬಂದು ನಿಂತು, ನಮ್ಮ ಎಮ್ಮೆಯದು ಏನಾಯಿತು ಎಂದು ಕೇಳಿದರು. ಪಾಸು ಎಂದೆ. ಅವರು ಹೋಗಿ ಅದರ ಬೆನ್ನು ತಟ್ಟಿದರು.

ಅಮ್ಮ ಎರಡು ದಿನ ಜಡೆಯಲ್ಲೇ ಉಳಿದಳು. ನೀನು ಬರುತ್ತೀಯಾ ಎಂದು ಹೆಂಡತಿಯನ್ನು ನಾನು ಕೇಳಿದೆ. ಅತ್ತೆ ಕರೆದಿದ್ದಾರೆ, ಬರುತ್ತೇನೆ, ನೀವು ಕರೆದದ್ದಕ್ಕೆ ಇನ್ನೂ ಯೋಚನೆ ಮಾಡುತ್ತಿದ್ದೇನೆ ಎಂದಳು. ಮೂರನೆಯ ದಿನ ಸೊರಬದ ಮೇಲೆ ಹೋಗುವ ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ ಅಂಟಿಕೊಂಡು ಕೂತರು. ಜಾಗವಿರಲಿಲ್ಲ, ನಾನು ಅಕ್ಕಿಯ ಚೀಲ ಹಿಡಿದುಕೊಂಡು ಶಿಕಾರಿಪುರದವರೆಗೂ ನಿಂತೇ ಬಂದೆ.